ದೀನಬಂಧು ಸರ್ ಛೋಟೂರಾಮ

ರೈತನ ಬಡತನಕ್ಕೆ ಕಾರಣವನ್ನು ಹುಡುಕಹೊರಟವರಲ್ಲಿ ಬಹುಮಂದಿ ನೆಟ್ಟಗೆ ಹೊಲಕ್ಕೇ ನಡೆಯುತ್ತಾರೆ. ಮಣ್ಣಿನ ಸಾರ ಇಂಗಿತು, ಬೀಜ ಕೆಟ್ಟಿತು, ಮಳೆ ಕೈಕೊಟ್ಟಿತು, ರೈತನು ಹಳೆಯ ರೂಢಿಯನ್ನು ಬಿಡಲೊಲ್ಲನು ಎಂದು ವರದಿಗಳು ಸಿದ್ಧವಾಗುತ್ತವೆ. ಇವೆಲ್ಲ ಸುಳ್ಳೆಂದು ನಾವು ಹೇಳುವಂತಿಲ್ಲ. ಆದರೆ ಪಂಜಾಬದ ಸರ್ ಛೋಟೂರಾಮರು ಆ ಕಾರಣವನ್ನು ಬೇರೆ ಮೂರು ಸ್ಥಳಗಳಲ್ಲಿ ಕಂಡರು: ಸಾವಕಾರನ ಖಾತೆವಹಿಯಲ್ಲಿ, ದಿವಾಣಿ ಕೋರ್ಟಿನ ಹುಕುಮಿನಲ್ಲಿ, ಪೇಟೆಯ ತಕ್ಕಡಿಯಲ್ಲಿ. ಸ್ವಂತ ದುಡಿಮೆಯಿಂದ ಸ್ವಂತ ತುಂಡುನೆಲವನ್ನು ಸಾಗುಮಾಡುವ ಕುಟುಂಬವು ಈ ಮೂರು ಕಡೆಗಳಲ್ಲಿ ಸೋಲುತ್ತಿರುವ ವರೆಗೆ, ಸರಕಾರವು ಒಳ್ಳೆಯ ಬೀಜವನ್ನು ಹಂಚಿದರೂ ಅದರ ಫಲವು ಇನ್ನೊಬ್ಬನ ಕಣಜವನ್ನೇ ಸೇರುವುದೆಂದು ಅವರು ತಿಳಿದಿದ್ದರು. ತಿಳಿದವರು ಬೇರೆ ಅನೇಕರಿದ್ದರು. ತಿಳಿದುದನ್ನು ಕಾಯದೆಯ ಕಲಮುಗಳನ್ನಾಗಿ ಮಾಡಿದವರು ವಿರಳ. ಆದಕಾರಣ ಅವರ ಜೀವನವು ನಮ್ಮ ವಾಚಕರು ಅರಿಯತಕ್ಕದ್ದಾಗಿದೆ.

ಈಗಿನ ಹರಿಯಾಣಾ ರಾಜ್ಯಕ್ಕೆ ಸೇರಿದ ರೋಹತಕ ಜಿಲ್ಲೆಯ ಗಢೀ ಸಾಂಪಲಾ ಎಂಬ ಹಳ್ಳಿಯಲ್ಲಿ 1881ನೆಯ ಇಸವಿ ನವೆಂಬರ 24ರಂದು ಅವರು ಜನಿಸಿದರು. ಇಟ್ಟ ಹೆಸರು ರಾಮ ರಿಛಪಾಲ. ಅಣ್ಣಂದಿರಿಗೆಲ್ಲ ಕಿರಿಯನಾದುದರಿಂದ ಮನೆಯವರು ಛೋಟೂ ಎಂದು ಕರೆದರು. ಶಾಲೆಯ ದಾಖಲೆಯಲ್ಲಿಯೂ ಅದೇ ನಿಂತಿತು. ತಂದೆ ಸುಖೀರಾಮನಿಗೆ ಇದ್ದುದು ಮಳೆಯನ್ನೇ ನಂಬಿದ ಸ್ವಲ್ಪ ಭೂಮಿ, ಅದರ ಮೇಲೆ ಸಾಲ. ಮಗನ ಮುಂದಿನ ಓದಿಗಾಗಿ ಹಣ ಕೇಳಲು ತಂದೆಮಕ್ಕಳಿಬ್ಬರೂ ಸಾಂಪಲಾದ ಸಾವಕಾರನಲ್ಲಿಗೆ ಹೋದಾಗ, ಆತನು ತನ್ನ ಮಗನು ಸುಮ್ಮನೆ ಕುಳಿತಿರಲು, ವಯಸ್ಸಾದ ಸುಖೀರಾಮನಿಗೆ ಪಂಖದ ಹಗ್ಗವನ್ನು ಎಳೆಯೆಂದು ಅಪ್ಪಣೆ ಮಾಡಿದನೆಂದೂ, ಬಾಲಕನು ಅದನ್ನು ಕಂಡು ಕಿಡಿಕಿಡಿಯಾದನೆಂದೂ ಆ ಪ್ರಾಂತದಲ್ಲಿ ಇಂದಿಗೂ ಹೇಳುತ್ತಾರೆ. ಮಹಾಪುರುಷರ ಬಾಲ್ಯದ ಕಥೆಗಳು ಹೇಳುವವರ ಬಾಯಲ್ಲಿ ಬೆಳೆಯುವುದುಂಟು. ಈ ಕಥೆಯನ್ನು ಮಾತ್ರ ಕೇಳಿದ ಪ್ರತಿಯೊಬ್ಬ ರೈತನೂ ಒಡನೆ ನಂಬಿದನು. ಏಕೆಂದರೆ ಅಂಥದೊಂದು ಹಗ್ಗವನ್ನು ಅವನ ಅಪ್ಪನೂ ಎಳೆದಿದ್ದನು.

ದಿಲ್ಲಿಯ ಮಿಶನ್ ಶಾಲೆಯಲ್ಲಿಯೂ ಅನಂತರ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿಯೂ ಓದಿ 1905ರಲ್ಲಿ ಅವರು ಪದವೀಧರರಾದರು. ಕಲಕತ್ತೆಯಲ್ಲಿ ವ್ಯಾಪಾರದಿಂದ ಏಳಿಗೆ ಹೊಂದಿದ್ದ ಸೇಠ ಛಾಜೂರಾಮರು ಅವರ ಓದಿಗೆ ದ್ರವ್ಯಸಹಾಯ ಮಾಡಿದರೆಂಬುದನ್ನು ಇಲ್ಲಿ ಮರೆಯಬಾರದು. ಹಣವುಳ್ಳವರೆಲ್ಲರನ್ನೂ ಹಳಿಯುವುದು ಛೋಟೂರಾಮರ ಸ್ವಭಾವವಾಗಿರಲಿಲ್ಲ. ಆಗ್ರಾದಲ್ಲಿ ಕಾಯದೆಯನ್ನು ಅಭ್ಯಸಿಸಿ, ಕೆಲಕಾಲ ಅಲ್ಲಿಯೇ ವಕೀಲಿ ನಡೆಯಿಸಿ, 1912ರಲ್ಲಿ ರೋಹತಕಕ್ಕೆ ಬಂದು ನೆಲೆಸಿದರು. 1916ರಲ್ಲಿ ಜಾಟ ಗೆಜೆಟ್ ಎಂಬ ಉರ್ದು ವಾರಪತ್ರಿಕೆಯನ್ನು ಹೊರಡಿಸಿದರು.

ಆ ಪ್ರಾಂತದ ಸ್ಥಿತಿಯನ್ನು ತಿಳಿಯದೆ ಮುಂದಿನ ಕಥೆಯು ಅರ್ಥವಾಗಲಾರದು. ಆಂಗ್ಲರು ಪಂಜಾಬವನ್ನು ಗೆದ್ದ ಮೇಲೆ ಭೂಮಿಗೆ ನಿಶ್ಚಿತವಾದ ಒಡೆತನದ ಹಕ್ಕನ್ನು ಕೊಟ್ಟರು. ಕಂದಾಯವನ್ನು ನಗದಾಗಿ, ಗೊತ್ತಾದ ಕಾಲಕ್ಕೆ ವಸೂಲುಮಾಡಿದರು. ಸಾಲದ ವ್ಯಾಜ್ಯಗಳನ್ನು ದಿವಾಣಿ ಕೋರ್ಟುಗಳಿಗೆ ಒಪ್ಪಿಸಿದರು. ಮೂರೂ ಸುಧಾರಣೆಗಳೇ. ಆದರೆ ಮೂರೂ ಕೂಡಿದಾಗ ನಡೆದುದೇನೆಂದರೆ, ಕಂದಾಯದ ಕಂತಿಗಾಗಿ ರೈತನು ಸಾಲ ಮಾಡಿದನು. ಮಾರಬಹುದಾದ ಭೂಮಿಯಿದ್ದುದರಿಂದ ಸಾವಕಾರನು ಕೇಳಿದಷ್ಟು ಕೊಟ್ಟನು. ಹೆಬ್ಬೆಟ್ಟಿನ ಗುರುತಿನ ಕಾಗದವನ್ನು ಓದಿ ನೋಡಿ ಕೋರ್ಟು ಭೂಮಿಯನ್ನು ಅವನಿಗೆ ಕೊಡಿಸಿತು. ಥಾರ್ಬರ್ನ್ ಎಂಬ ಅಧಿಕಾರಿಯು 1886ರಲ್ಲಿ ಇದನ್ನು ಕುರಿತು ಪುಸ್ತಕವನ್ನೇ ಬರೆದನು. ದಖ್ಖಣದಲ್ಲಿ 1875ರಲ್ಲಿ ರೈತರು ಸಾವಕಾರರ ದಫ್ತರಗಳನ್ನು ಸುಟ್ಟ ಸಂಗತಿಯು ಸರಕಾರಕ್ಕೆ ಮರೆತಿರಲಿಲ್ಲ. ಅದರ ಫಲವಾಗಿ ಮುಂಬಯಿ ಇಲಾಖೆಯಲ್ಲಿ 1879ರಲ್ಲಿ ದಖ್ಖಣ ರೈತರ ಪರಿಹಾರದ ಕಾಯದೆಯು ಬಂದಿದ್ದಿತು. ಪಂಜಾಬದ ಮುಸಲ್ಮಾನ, ಸಿಖ್ಖ, ಜಾಟ ರೈತರಿಂದಲೇ ದಂಡು ತುಂಬಿದ್ದಿತಾದುದರಿಂದ ಅಲ್ಲಿಯ ಅಸಮಾಧಾನವು ಇನ್ನೂ ಹೆಚ್ಚು ಅಪಾಯಕರವಾಗಿದ್ದಿತು. 1900ರಲ್ಲಿ ಭೂಪರಭಾರೆಯ ಕಾಯದೆಯು ಹುಟ್ಟಿ ಮರುವರ್ಷ ಜೂನ 8ರಿಂದ ಜಾರಿಗೆ ಬಂದಿತು. ಸರಕಾರವು ಪಟ್ಟಿಮಾಡಿದ ಕೃಷಿಕ ಜಾತಿಗಳವರು ಆ ಪಟ್ಟಿಗೆ ಸೇರದವರಿಗೆ ಭೂಮಿಯನ್ನು ಮಾರಲಾಗದೆಂಬುದು ಅದರ ತಿರುಳು. ಸಾವಕಾರರು ಕೃಷಿಕನೊಬ್ಬನ ಹೆಸರಿನಲ್ಲಿ ಬೇನಾಮಿ ಖರೀದಿ ಮಾಡಿ ಅದನ್ನು ದಾಟಿದರು. ಭೂಮಿ ಸಿಗದ ಕಡೆಯಲ್ಲಿ ಬೆಳೆಯೇ ಸಾಲಕ್ಕೆ ಹೋಯಿತು. ಮಾಲ್ಕಮ್ ಡಾರ್ಲಿಂಗ್ ಎಂಬ ಇನ್ನೊಬ್ಬ ಅಧಿಕಾರಿಯು 1925ರಲ್ಲಿ ಪ್ರಕಟಿಸಿದ ಗ್ರಂಥವು, ಕಾಲುವೆಗಳಿಂದ ಸಮೃದ್ಧಿ ಹೆಚ್ಚಿದಂತೆ ಸಾಲವೂ ಹೆಚ್ಚಿದ ವಿಚಿತ್ರವನ್ನು ತೋರಿಸಿಕೊಟ್ಟಿತು.

ಛೋಟೂರಾಮರು ಮೊದಲು ರೋಹತಕ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1920ರಲ್ಲಿ ಅಸಹಕಾರದ ನಿರ್ಣಯವಾದಾಗ ಅದನ್ನು ಬಿಟ್ಟರು. ಕಂದಾಯವನ್ನು ಕೊಡದಿದ್ದರೆ ಹೋಗುವುದು ವಕೀಲನ ಮನೆಯಲ್ಲ, ರೈತನ ಹೊಲ ಎಂಬುದು ಅವರ ವಾದ. ಅದಕ್ಕೆ ಮೊದಲು ಮಹಾಯುದ್ಧದ ಕಾಲದಲ್ಲಿ ತಮ್ಮ ಜಿಲ್ಲೆಯ ತರುಣರನ್ನು ದಂಡಿಗೆ ಸೇರಿಸಲು ಅವರು ದುಡಿದಿದ್ದರು. 1937ರಲ್ಲಿ ಸರ್ ಎಂಬ ಬಿರುದನ್ನೂ ಪಡೆದರು. ರಾಷ್ಟ್ರೀಯ ಪಕ್ಷದವರಾದ ನಮಗೆ ಇದು ರುಚಿಸುವ ಸಂಗತಿಯಲ್ಲ. ಗುಜರಾತದ ಬಾರಡೋಲಿಯಲ್ಲಿ 1928ರಲ್ಲಿಯೂ, ನಮ್ಮ ಅಂಕೋಲೆ ಸಿದ್ದಾಪುರಗಳಲ್ಲಿ ಕಾಯದೆಭಂಗದ ಕಾಲದಲ್ಲಿಯೂ ಭೂಮಿಯನ್ನು ಪಣಕ್ಕೊಡ್ಡಿ ಕರವನ್ನು ನಿಲ್ಲಿಸಿದವರು ಸಾಮಾನ್ಯ ರೈತರೇ. ಅವರ ಧೈರ್ಯವನ್ನು ಛೋಟೂರಾಮರು ಕಡಿಮೆಯಾಗಿ ಎಣಿಸಿದರೆಂದೇ ನಮ್ಮ ಅಭಿಪ್ರಾಯ. ಆದರೆ ಸ್ವರಾಜ್ಯವು ಬರುವ ವರೆಗೆ ಸಾಲದ ಬಡ್ಡಿಯು ಕಾದುಕೊಂಡಿರುವುದಿಲ್ಲವೆಂಬ ಅವರ ಆತುರವನ್ನು ಹಗುರಾಗಿ ಕಾಣುವುದೂ ಸಲ್ಲದು.

1923ರಲ್ಲಿ ಸರ್ ಫಜ್ಲ್-ಇ-ಹುಸೇನರೊಡನೆ ಕೂಡಿ ಅವರು ಯೂನಿಯನಿಸ್ಟ್ ಪಕ್ಷವನ್ನು ಕಟ್ಟಿದರು. ಮುಸಲ್ಮಾನ, ಹಿಂದೂ, ಸಿಖ್ಖ ಭೂಹಿಡುವಳಿದಾರರು ಒಂದೇ ಪಕ್ಷದಲ್ಲಿ ಸೇರಿದುದು ಆ ಕಾಲದ ಪಂಜಾಬಕ್ಕೆ ಸಣ್ಣ ಸಂಗತಿಯಲ್ಲ. ಇದನ್ನು ಜಮೀನದಾರರ ಪಕ್ಷವೆಂದು ಕರೆಯುತ್ತಿದ್ದರು. ಬಂಗಾಳದ ಜಮೀನದಾರನನ್ನು ಇಲ್ಲಿ ನೆನೆಯಬಾರದು. ಪಂಜಾಬದಲ್ಲಿ ಐದೆಕರೆಯನ್ನು ತಾನೇ ಉಳುವವನೂ ಜಮೀನದಾರನೇ. 1924ರಿಂದ 1926ರ ವರೆಗೆ ಛೋಟೂರಾಮರು ಕೃಷಿಮಂತ್ರಿಗಳಾಗಿದ್ದರು. ಅನಂತರ ಅಧಿಕಾರವಿಲ್ಲದೆಯೂ ಶಾಸನಸಭೆಯಲ್ಲಿ ತಮ್ಮ ಪಕ್ಷವನ್ನು ನಡೆಯಿಸಿದರು. ಸಾವಕಾರನು ಲೆಕ್ಕವನ್ನು ಕ್ರಮವಾಗಿ ಇಟ್ಟು ಆರು ತಿಂಗಳಿಗೊಮ್ಮೆ ಸಾಲಗಾರನಿಗೆ ಅದರ ಪ್ರತಿಯನ್ನು ಕೊಡಬೇಕೆಂದು 1930ರ ಕಾಯದೆಯು ವಿಧಿಸಿತು. 1929ರ ತರುವಾಯ ಜಗತ್ತಿನಲ್ಲೆಲ್ಲ ಧಾನ್ಯದ ಬೆಲೆ ಕುಸಿದು, ಅದೇ ಸಾಲವನ್ನು ತೀರಿಸಲು ಹಿಂದಿನ ಎರಡರಷ್ಟು ಗೋದಿಯನ್ನು ಮಾರಬೇಕಾಗಿ ಬಂದ ಕಾಲದಲ್ಲಿ, 1934ರ ಋಣಪರಿಹಾರದ ಕಾಯದೆಯು ಬಂದಿತು. ನಮ್ಮವರು ದಾಮದುಪ್ಪಟವೆಂದು ಕರೆಯುವ ನಿಯಮವು ಅದರಿಂದ ಅಲ್ಲಿ ನೆಲೆಗೊಂಡಿತು. ಅಸಲಿನ ಇಮ್ಮಡಿಗಿಂತ ಹೆಚ್ಚು ವಸೂಲುಮಾಡುವಂತಿಲ್ಲ. ಸಾಲದ ರಾಜಿಮಂಡಲಗಳು ಸ್ಥಾಪಿತವಾದವು. ಎತ್ತು, ನೇಗಿಲು, ಇರುವ ಮನೆ ಇವು ಜಪ್ತಿಯಿಂದ ಪಾರಾದವು. 1936ರ ಮತ್ತೊಂದು ಕಾಯದೆಯು ನಿಂತ ಬೆಳೆಗೂ ರಕ್ಷಣೆಯನ್ನು ಕೊಟ್ಟಿತು.

1937ರ ಚುನಾವಣೆಯಲ್ಲಿ 175 ಸ್ಥಾನಗಳ ಸಭೆಯಲ್ಲಿ ಯೂನಿಯನಿಸ್ಟರಿಗೆ ಬಹುಮತ ದೊರೆತು ಸರ್ ಸಿಕಂದರ ಹಯಾತಖಾನರು ಪ್ರಧಾನಿಗಳಾದರು. ಛೋಟೂರಾಮರಿಗೆ ಅಭಿವೃದ್ಧಿ ಖಾತೆಯೂ, 1941ರಲ್ಲಿ ಕಂದಾಯ ಖಾತೆಯೂ ಬಂದವು. ಅವರ ನಿಜವಾದ ಕೆಲಸವು ಈಗ ಆರಂಭವಾಯಿತು. 1938ರಲ್ಲಿ ಬೇನಾಮಿ ಖರೀದಿಗಳನ್ನು ರದ್ದುಮಾಡುವ ತಿದ್ದುಪಡಿಯು ಬಂದಿತು. ಹೆಸರನ್ನು ನೋಂದಿಸಿ ಪರವಾನಿಗೆ ಪಡೆಯದ ಸಾವಕಾರನ ದಾವೆಯನ್ನು ಕೋರ್ಟು ಎತ್ತಿಕೊಳ್ಳಬಾರದೆಂದು ಇನ್ನೊಂದು ಕಾಯದೆಯಾಯಿತು. ಎಲ್ಲಕ್ಕೂ ಮಿಗಿಲಾದುದು ಒತ್ತೆಯ ಭೂಮಿಗಳನ್ನು ಹಿಂದಕ್ಕೆ ಕೊಡಿಸುವ ಕಾಯದೆ. 1901ರ ಜೂನ 8ಕ್ಕಿಂತ ಮೊದಲು ಸ್ವಾಧೀನಸಹಿತ ಒತ್ತೆಯಿಟ್ಟಿದ್ದ ಭೂಮಿಗಾಗಿ ಮೂಲ ಒಡೆಯನಾದ ಕೃಷಿಕನು, ಅಥವಾ ಅವನ ವಾರಸದಾರನು, ಕಲೆಕ್ಟರನಿಗೆ ಅರ್ಜಿಕೊಟ್ಟರೆ ಸಾಕು. ಒತ್ತೆ ಹಿಡಿದವನು ಅಷ್ಟು ವರ್ಷಗಳ ಫಲವನ್ನು ಉಂಡು ಅಸಲಿನ ಎರಡರಷ್ಟನ್ನು ಪಡೆದಿದ್ದರೆ ಒತ್ತೆಯು ಅಲ್ಲಿಗೆ ಮುಗಿಯಿತು; ಅಷ್ಟನ್ನು ಪಡೆಯದಿದ್ದರೆ ಸ್ವಲ್ಪ ಪರಿಹಾರ. ಕಡಿಮೆಯೆಂದರೂ ಮೂವತ್ತೇಳು ವರ್ಷ ಪರರ ಕೈಯಲ್ಲಿದ್ದ ಹೊಲ. ಅಜ್ಜನು ಬರೆದುಕೊಟ್ಟ ಭೂಮಿಗೆ ಮೊಮ್ಮಗನು ನೇಗಿಲನ್ನು ಹೊತ್ತುಕೊಂಡು ಹೋದನು. ಈ ಕಾಯದೆಯ ಸಿಂಧುತ್ವವನ್ನು ಪ್ರಶ್ನಿಸಿದವರು ವಿಲಾಯತಿಯ ಪ್ರಿವಿ ಕೌನ್ಸಿಲಿನ ವರೆಗೆ ಹೋದರು. ಅದು ನ್ಯಾಯಸಮ್ಮತವೆಂದು ಅಲ್ಲಿ ಸ್ಥಿರಪಟ್ಟಾಗ ಛೋಟೂರಾಮರು ಬದುಕಿರಲಿಲ್ಲ.

ಪೇಟೆಯ ಸಂಗತಿ ಬೇರೆ. ರೈತನು ಬಂಡಿಯನ್ನು ಹೊಡೆದುಕೊಂಡು ಬಂದು ಅಡತಿ ಅಂಗಡಿಯ ಮುಂದೆ ಚೀಲ ಇಳಿಸಿದ ಮೇಲೆ ಮಾಲು ಅವನದಲ್ಲ. ದಲಾಲನೂ ಕೊಳ್ಳುವವನೂ ಕರವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುರಿಯುವರು. ಒಡೆಯನಿಗೆ ಅದು ಕೊನೆಗೆ ತಿಳಿಯುವುದು. ಬಳಿಕ ತೂಕದಲ್ಲಿ ಕಡತ, ಕಸಕ್ಕೆ ಸೂಟು, ಹಮಾಲಿ, ಧರ್ಮಶಾಲೆ, ಗೋಶಾಲೆ. ಧರ್ಮವು ವರ್ತಕನ ಹೆಸರಿನಲ್ಲಿ, ಹಣವು ರೈತನದು! ಇದು ಪಂಜಾಬದ ಪೇಟೆಗಳಿಗೆ ಮಾತ್ರ ಮೀಸಲಾದ ಚಮತ್ಕಾರವಲ್ಲವೆಂಬುದನ್ನು ಹುಬ್ಬಳ್ಳಿ ಗದಗಗಳ ಅರಳೆಯ ಪೇಟೆಯನ್ನು ಕಂಡ ಹಿರಿಯರು ಬಲ್ಲರು. ಲಿನ್‌ಲಿತ್‌ಗೋ ಕಮಿಶನ್ನು 1928ರಲ್ಲಿಯೇ ನಿಯಂತ್ರಿತ ಪೇಟೆಗಳನ್ನು ಶಿಫಾರಸು ಮಾಡಿದ್ದಿತು. ಪಂಜಾಬದ ಕಾಯದೆಯು 1939ರಲ್ಲಿ ಬಂದಿತು. ಮುಂಬಯಿ ಇಲಾಖೆಯಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಇಂಥ ಕಾಯದೆಗಳು ಅದೇ ವರ್ಷ ಆದವು. ಪಂಜಾಬದಲ್ಲಿ ಪೇಟೆಯ ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಗಾರರಿರಬೇಕೆಂದು ಗೊತ್ತುಮಾಡಿದುದು ವರ್ತಕರನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಸೂಟನ್ನು ಬಿಡಬಹುದು; ಬಂಡಿಯವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳುವುದು ಹೇಗೆ? ಎಂಬತ್ತು ವರ್ಷಗಳ ತರುವಾಯ, 2020ರಲ್ಲಿ, ಕೇಂದ್ರ ಸರಕಾರವು ಈ ಪೇಟೆಗಳ ಹೊರಗೆ ವ್ಯಾಪಾರವನ್ನು ತೆರೆಯುವ ಕಾಯದೆಯನ್ನು ಮಾಡಿದಾಗ ಪಂಜಾಬ ಹರಿಯಾಣಾಗಳ ರೈತರು ದಿಲ್ಲಿಯ ಗಡಿಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕುಳಿತರು, 2021ರಲ್ಲಿ ಆ ಕಾಯದೆಯು ಹಿಂದಕ್ಕೆ ಹೋಯಿತು. ರೋಹತಕದ ಹಾದಿಯೂ ಅವರು ತಡೆದ ಹಾದಿಗಳಲ್ಲೊಂದು.

ಹಳ್ಳಿಗರು ಸುವರ್ಣ ಕಾಯದೆಗಳೆಂದು ಕರೆದವುಗಳನ್ನು ಪಟ್ಟಣಿಗರು ಕರಾಳ ಕಾಯದೆಗಳೆಂದರು. ಲಾಹೋರ ಅಮೃತಸರಗಳಲ್ಲಿ ಹರತಾಳಗಳಾದವು. ಇಲ್ಲಿ ಕಾಂಗ್ರೆಸ್ಸಿನ ಸ್ಥಿತಿಯು ಇಕ್ಕಟ್ಟಿನದಾಯಿತು. ಪಂಜಾಬದ ಪಟ್ಟಣಗಳಲ್ಲಿ ಅದರ ಬಲವು ವರ್ತಕ ವರ್ಗದಲ್ಲಿದ್ದಿತು, ಅದರ ಘೋಷಣೆಯು ರೈತನದಾಗಿದ್ದಿತು. ಸಾವಕಾರರಲ್ಲಿ ಹೆಚ್ಚಿನವರು ಹಿಂದೂಗಳೆಂಬ ಕಾರಣದಿಂದ ಛೋಟೂರಾಮರನ್ನು ಧರ್ಮದ್ರೋಹಿಯೆಂದೂ ಕೆಲವರು ನಿಂದಿಸಿದರು. ಆರ್ಯಸಮಾಜದಲ್ಲಿ ನಿಷ್ಠೆಯುಳ್ಳ ಆ ಮನುಷ್ಯನು ಅದಕ್ಕೆ ಜಗ್ಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಯು ಸ್ತೋತ್ರವಾದೀತು. ಅವರ ಕಾಯದೆಗಳು ಕೃಷಿಕನನ್ನು ಗುರುತಿಸಿದುದು ಅವನ ಕೈಯ ದುಡಿಮೆಯಿಂದಲ್ಲ, ಅವನ ಜಾತಿಯಿಂದ. ಪಟ್ಟಿಯಲ್ಲಿದ್ದ ಜಾತಿಯ ವಕೀಲನು ಕೃಷಿಕನಾದನು. ಹುಟ್ಟಿನಿಂದ ಸಾಯುವ ತನಕ ಕೆಸರಿನಲ್ಲಿ ನಿಂತ ದಲಿತ ಕೂಲಿಯವನು ಪಟ್ಟಿಯ ಹೊರಗೆ ಉಳಿದುದರಿಂದ, ಕಾಸುಕಾಸು ಕೂಡಿಸಿದರೂ ಆ ಊರಿನಲ್ಲಿ ಒಂದು ಗುಂಟೆಯನ್ನು ಕೊಳ್ಳಲಾರದವನಾದನು. ಗೇಣಿಯ ರೈತನಿಗೂ ಹೇಳಿಕೊಳ್ಳುವಂಥ ರಕ್ಷಣೆ ಬರಲಿಲ್ಲ. ಪಶ್ಚಿಮ ಪಂಜಾಬದ ದೊಡ್ಡ ಭೂಮಾಲಿಕರು ಪಕ್ಷದ ಕಂಬಗಳಾಗಿದ್ದರು, ಕಂಬವನ್ನು ಅಲುಗಿಸಿ ಮನೆಯಲ್ಲಿ ಇರುವುದು ಹೇಗೆ? ಸಾವಕಾರನು ಹಿಂದೆ ಸರಿದ ಕಡೆ ಹಣವಂತ ಕೃಷಿಕನೇ ಲೇವಾದೇವಿಗೆ ಇಳಿದು ನೆರೆಯವನ ಹೊಲವನ್ನು ನುಂಗತೊಡಗಿದನು. ಇದನ್ನು ತಡೆಯಲು 1938ರಲ್ಲಿ ತಿದ್ದುಪಡಿ ಮಾಡಿದರೂ ರೋಗವು ಪೂರ್ತಿ ಹೋಗಲಿಲ್ಲ. ಕುಟುಂಬದ ಒಕ್ಕಲುತನಕ್ಕೆ ನೆರವಾಗುವ ಯಾವ ಸರಕಾರವೇ ಆಗಲಿ ಮೊದಲು ಒಕ್ಕಲು ಯಾರೆಂದು ಬರೆಯಬೇಕಾಗುತ್ತದೆ. ಛೋಟೂರಾಮರ ಲೇಖಣಿಯು ತಪ್ಪಿದುದು ಆ ಮೊದಲನೆಯ ಸಾಲಿನಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಮತ್ತೊಂದು ಪರೀಕ್ಷೆ ಬಂದಿತು. ಗೋದಿಗೆ ಗರಿಷ್ಠ ಬೆಲೆಯನ್ನು ಕಟ್ಟಲು ಹೊಸದಿಲ್ಲಿಯು ಹೊರಟಾಗ ಅವರು ಬಲವಾಗಿ ಎದುರುನಿಂತರು. ಬೆಲೆ ಬಿದ್ದಾಗ ರೈತನನ್ನು ಕೇಳದ ಸರಕಾರಕ್ಕೆ, ಬೆಲೆ ಏರಿದಾಗ ಮಾತ್ರ ಅವನ ಕೈ ಹಿಡಿಯುವ ಅಧಿಕಾರವೆಲ್ಲಿಯದು ಎಂಬುದು ಅವರ ನಿಲುವು. ನ್ಯಾಯವಾದ ಪ್ರಶ್ನೆ. ಆದರೆ ಅದು 1943ನೆಯ ವರ್ಷ. ಬಂಗಾಳದ ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವು. ಅವರೂ ಬಹುಮಟ್ಟಿಗೆ ಹಳ್ಳಿಯ ಬಡವರೇ. ಒಂದು ಪ್ರಾಂತದ ರೈತನ ಬೆಲೆಗೂ ಇನ್ನೊಂದು ಪ್ರಾಂತದ ಕೂಲಿಯವನ ಅನ್ನಕ್ಕೂ ನಡುವೆ ನಿಂತು ತೀರ್ಪು ಕೊಡುವುದು ಸುಲಭವಲ್ಲ; ಛೋಟೂರಾಮರು ಮಾತ್ರ ಅಲ್ಲಿ ನ್ಯಾಯಾಧೀಶರಾಗದೆ ವಕೀಲರಾಗಿಯೇ ಉಳಿದರು.

1944ರಲ್ಲಿ ಜಿನ್ನಾ ಸಾಹೇಬರು ಯೂನಿಯನಿಸ್ಟ್ ಪಕ್ಷವನ್ನು ಮುರಿಯಲು ಲಾಹೋರಕ್ಕೆ ಬಂದರು. ಸಿಕಂದರರು ತೀರಿಕೊಂಡಿದ್ದರು, ಅವರ ಸ್ಥಾನಕ್ಕೆ ಬಂದಿದ್ದ ಖಿಜರ ಹಯಾತಖಾನರ ಬೆನ್ನಿಗೆ ನಿಂತು ಛೋಟೂರಾಮರು ಊರೂರು ಸಭೆಗಳನ್ನು ನೆರೆಯಿಸಿದರು. ಅದೇ ವರ್ಷ ನವೆಂಬರದಲ್ಲಿ ಸತಲಜ ನದಿಗೆ ಭಾಖ್ರಾದಲ್ಲಿ ಆಣೆಕಟ್ಟು ಕಟ್ಟುವ ವಿಷಯವಾಗಿ ಬಿಲಾಸಪುರದ ಅರಸರೊಡನೆ ಒಪ್ಪಂದವಾಯಿತು. ಬರಗಾಲಕ್ಕೆ ಹೆಸರಾದ ಹಿಸ್ಸಾರ ರೋಹತಕಗಳ ಒಣನೆಲಕ್ಕೆ ನೀರು ತರುವ ಈ ಯೋಜನೆಯನ್ನು ಅವರು ಬಹುಕಾಲದಿಂದ ಬೆನ್ನು ಹತ್ತಿದ್ದರು. 1945ನೆಯ ಜನವರಿ 9ರಂದು ಲಾಹೋರಿನಲ್ಲಿ ತೀರಿಕೊಂಡರು. ದೇಹವನ್ನು ರೋಹತಕಕ್ಕೆ ತಂದು ದಹನ ಮಾಡಿದರು.

ಮರುವರ್ಷದ ಚುನಾವಣೆಯಲ್ಲಿ ಯೂನಿಯನಿಸ್ಟರು ನೆಲಕಚ್ಚಿದರು. 1947ರಲ್ಲಿ ಪ್ರಾಂತವೇ ಎರಡಾಯಿತು. ತನ್ನ ಕಾಯದೆಯ ಬಲದಿಂದ ಹೊಲವನ್ನು ಮರಳಿ ಪಡೆದ ಎಷ್ಟೋ ರೈತರು ಅದನ್ನು ಬಿಟ್ಟು ಗಡಿಯನ್ನು ದಾಟಿದರು, ಆ ಕಡೆಯಿಂದಲೂ ಈ ಕಡೆಯಿಂದಲೂ. ಭಾರತದಲ್ಲಿ ಹೊಸ ಸಂವಿಧಾನವು ಬಂದ ಮೇಲೆ, ಜಾತಿಯ ಪಟ್ಟಿಯನ್ನು ಅವಲಂಬಿಸಿದ 1900ರ ಕಾಯದೆಯು 1951ರಲ್ಲಿ ರದ್ದಾಯಿತು. ಪಟ್ಟಿಯ ಹೊರಗಿದ್ದವರಿಗೆ ಭೂಮಿಯನ್ನು ಕೊಳ್ಳುವ ಹಕ್ಕು ಆಗ ದೊರೆಯಿತು, ಕೊಳ್ಳುವ ಹಣ ದೊರೆಯಲಿಲ್ಲ. ಭಾಖ್ರಾ ಆಣೆಕಟ್ಟನ್ನು ಪಂಡಿತ ನೆಹರೂ ಅವರು ರಾಷ್ಟ್ರಕ್ಕೆ ಅರ್ಪಿಸಿದುದು 1963ನೆಯ ಅಕ್ಟೋಬರ 22ರಂದು. ಆ ಹೊತ್ತಿಗೆ ಅದರ ಕಾಲುವೆಯ ನೀರು ಹಿಸ್ಸಾರದ ಹೊಲಗಳನ್ನು ಮುಟ್ಟಿದ್ದಿತು.