ಕೇಡಗಾಂವದ ಯಜಮಾನಿ

ಹೋದ ವರ್ಷ ನಮ್ಮಕ್ಕನಿಗೆ ಆಫೀಸಿನಲ್ಲಿ ಬಡ್ತಿ ಬಂದಿತ್ತು. ಹನ್ನೆರಡು ಗಂಡಸರಿರುವ ಸೆಕ್ಷನ್ನಿಗೆ ಅವಳು ಮುಖ್ಯಸ್ಥೆಯಾಗಬೇಕಿತ್ತು. ಮನೆಯಲ್ಲಿ ಎಲ್ಲರದೂ ಒಂದೇ ರಾಗ: ಹೆಣ್ಣುಮಕ್ಕಳಿಗೆ ಯಾಕೆ ಬೇಕು ಈ ತಲೆನೋವು, ಗಂಡಸರ ಕೈಲಿ ಕೆಲಸ ಮಾಡಿಸೋದು ಅಂದರೆ ಹುಡುಗಾಟವೇ ಅಂತ. ಕಾಮರ್ಸ್ ಓದುವ ನಾನೂ ಹೂಂ ಅಂದೆ. ಅಕ್ಕ ಬಡ್ತಿ ಬೇಡವೆಂದು ಬರೆದುಕೊಟ್ಟಳು. ಅದಾದ ಮೇಲೆ ಪಂಡಿತಾ ರಮಾಬಾಯಿಯವರ ಜೀವನ ಓದಿದೆ. ಅವತ್ತಿನಿಂದ ನನ್ನ ಆ ಹೂಂ ನನಗೇ ಚುಚ್ಚುತ್ತಿದೆ. ಅದಕ್ಕೇ ಈ ಲೇಖನ.

ಪುಣೆಯಲ್ಲಿ ರಮಾಬಾಯಿ ಅಂದರೆ ಮರಾಠಿಯವರು ಎಂದೇ ಎಲ್ಲರ ಎಣಿಕೆ. ಆದರೆ ಅವರು 1858ರ ಏಪ್ರಿಲ್ 23ರಂದು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಅವರು ಸಮಾಜದ ಸಿಟ್ಟಿಗೆ ಗುರಿಯಾದರು. ಶಾಸ್ತ್ರಿಗಳು ಪಟ್ಟು ಬಿಡಲಿಲ್ಲ, ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಹಾಗೆ ಕಲಿತ ತಾಯಿಯೇ ಮುಂದೆ ರಮಾಬಾಯಿಗೆ ಗುರುವಾದಳು.

ಸಂಸಾರವೆಲ್ಲ ಊರೂರು ತಿರುಗಿ ಪುರಾಣ ಓದಿ ಹೊಟ್ಟೆ ಹೊರೆಯುತ್ತಿತ್ತು. 1870ರ ದಶಕದ ಬರದಲ್ಲಿ ತಂದೆ ತಾಯಿ ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ದೇಶವೆಲ್ಲ ಅಲೆಯುತ್ತ 1878ರಲ್ಲಿ ಕಲ್ಕತ್ತಕ್ಕೆ ಬಂದರು. ಅಲ್ಲಿಯ ವಿದ್ವಾಂಸರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. 1882ರಲ್ಲಿ ಅವರೂ ಕಾಲರಾಕ್ಕೆ ಬಲಿಯಾದರು. ಉಳಿದದ್ದು ವರ್ಷ ತುಂಬದ ಮಗಳು ಮನೋರಮಾ.

ಇಪ್ಪತ್ತನಾಲ್ಕರ ವಿಧವೆ ಮೂಲೆ ಹಿಡಿದು ಕೂರಬೇಕೆಂಬ ಕಾಲ ಅದು. ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ 1882ರಲ್ಲಿ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿದರು. ಹುಡುಗಿಯರಿಗೆ ಅಕ್ಷರ ಕಲಿಸಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಶಿಕ್ಷಕಿಯರಿಗೆ ತರಬೇತಿ ಕೊಡಿ, ಹೆಣ್ಣುಮಕ್ಕಳ ಶಾಲೆಗಳಿಗೆ ಹೆಂಗಸರನ್ನೇ ಇನ್‌ಸ್ಪೆಕ್ಟರ್ ಮಾಡಿ, ವೈದ್ಯಕೀಯ ಕಾಲೇಜಿಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಅಂದರೆ ಅಧಿಕಾರದ ಕುರ್ಚಿಯನ್ನೇ ಕೇಳಿದರು!

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಗಂಡುಮಕ್ಕಳಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಭಾರತದಲ್ಲಿದ್ದ ಬಿಷಪ್ಪರು ಅದು ತರವಲ್ಲ ಅಂದರು. ರಮಾಬಾಯಿಗೆ ಸಿಟ್ಟು ಬಂತು. ಊರಲ್ಲಿ ಗಂಡಸರ ಸಭೆಗಳಲ್ಲೇ ಭಾಷಣ ಮಾಡಿ ಬಂದವರು ಅವರು. ಇಲ್ಲಿಯ ಶಾಸ್ತ್ರಿಗಳಿರಲಿ ಅಲ್ಲಿಯ ಬಿಷಪ್ಪರಿರಲಿ, ಹೆಣ್ಣಿನ ವಿಷಯಕ್ಕೆ ಬಂದಾಗ ಒಂದೇ ಬಳ್ಳಿಯ ಕಾಯಿಗಳು ಅಂತ ನನಗನಿಸಿತು.

1886ರಲ್ಲಿ ಅಮೆರಿಕಕ್ಕೆ ಹೋದರು. ಊರೂರು ಭಾಷಣ ಮಾಡಿ, ಭಾರತದ ವಿಧವೆಯರ ಕಷ್ಟದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಹಣ ಕೂಡಿಸಿದರು. 1887ರಲ್ಲಿ ಬೋಸ್ಟನ್ನಿನ ಸಂಘ ಹತ್ತು ವರ್ಷ ನೆರವು ಕೊಡಲು ಒಪ್ಪಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲು ಬಂಡವಾಳ, ಆಮೇಲೆ ಬಾಗಿಲು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು.

1893ರಲ್ಲಿ ಹುಡುಗಿಯರು ಅವರ ಕ್ರೈಸ್ತ ಪ್ರಾರ್ಥನೆಗೆ ಕೂರುತ್ತಾರೆಂದು ದೊಡ್ಡ ಗಲಾಟೆಯಾಯಿತು. ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಮಂಡಳಿ ಬಿಟ್ಟರು. ಅನೇಕರು ಮಕ್ಕಳನ್ನು ಕರೆದುಕೊಂಡು ಹೋದರು. ಅವರ ಆತಂಕವೂ ಸುಳ್ಳಲ್ಲ, ಈ ವಾದ ಇನ್ನೂ ಮುಗಿದಿಲ್ಲ. ಆದರೆ ರಮಾಬಾಯಿ ಸದನಕ್ಕೆ ಬೀಗ ಹಾಕಲಿಲ್ಲ.

1896ರಲ್ಲಿ ಮಧ್ಯ ಭಾರತದಲ್ಲಿ ಬರ ಬಿತ್ತು. ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ ಎಂಬ ಸ್ಟೇಷನ್ ಇದೆ. ಅಲ್ಲಿ ಕೊಂಡಿದ್ದ ಜಮೀನಿನಲ್ಲಿ ಮುಕ್ತಿ ಎಂಬ ಆಶ್ರಮ ಎದ್ದಿತು. 1900ರ ಗುಜರಾತ್ ಬರ ಮುಗಿಯುವ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮೀರಿ ಜನ.

ಗೆಳೆಯರೇ, ಸಾವಿರ ಜನಕ್ಕೆ ಎರಡು ಹೊತ್ತಿನ ಊಟ ಅಂದರೆ ಲೆಕ್ಕ ಹಾಕಿ ನೋಡಿ. ಕಾಳುಕಡಿ ಬೇಕು, ನೀರು ಬೇಕು, ಬಟ್ಟೆ ಬೇಕು, ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು. ಹೊಲ, ಹಾಲಿನ ದನ, ಎಣ್ಣೆ ಗಾಣ, ಮಗ್ಗ, ಅಚ್ಚುಕೂಟ ಎಲ್ಲದರಲ್ಲೂ ಹೆಂಗಸರೇ ದುಡಿದರು. ಬರದಲ್ಲಿ ಒಣಗಿ ಬಂದಿದ್ದ ಹುಡುಗಿಯರು ಅಚ್ಚಿನ ಮೊಳೆ ಜೋಡಿಸಲು ಕಲಿತರು. ಹೀಬ್ರೂ, ಗ್ರೀಕ್ ಕಲಿತು ರಮಾಬಾಯಿ ಮರಾಠಿಗೆ ತಂದ ಬೈಬಲ್ಲು ಅದೇ ಅಚ್ಚುಕೂಟದಲ್ಲಿ ಅಚ್ಚಾಯಿತು. ಆ ಕಾಲದಲ್ಲಿ ಇಷ್ಟು ದೊಡ್ಡ ಕಾರಖಾನೆ ನಡೆಸಿದ ಗಂಡಸರೇ ಎಷ್ಟು ಮಂದಿ?

ಮಗಳು ಮನೋರಮಾ ತಾಯಿಗೆ ಬಲಗೈ. ಆಗಿನ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ತೆರೆದ ಶಾಲೆಯ ಹೊಣೆ ಅವಳೇ ಹೊತ್ತಳು. ಆದರೆ 1921ರಲ್ಲಿ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಣು ಮುಚ್ಚಿದರು. ಕೇಡಗಾಂವದ ಮುಕ್ತಿ ಇವತ್ತಿಗೂ ನಡೆಯುತ್ತಿದೆ.

ನಮ್ಮ ಮಾತಿನಲ್ಲಿ ಯಜಮಾನರು ಅಂದರೆ ಗಂಡ, ಯಜಮಾನಿ ಅಂದರೆ ಆ ಯಜಮಾನರ ಹೆಂಡತಿ. ರಮಾಬಾಯಿ ಯಾರ ಹೆಂಡತಿಯೆಂದೂ ಯಜಮಾನಿ ಆದವರಲ್ಲ. ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಇದನ್ನು ಹೋದ ವರ್ಷವೇ ಓದಬಾರದಿತ್ತೇನೋ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲ ಮನೆಯಲ್ಲಿ ಆ ರಾಗ ಎದ್ದರೆ ನಾನು ಹೂಂ ಅನ್ನುವುದಿಲ್ಲ. ನೀವೂ ಅನ್ನಬೇಡಿ.