ಪಂಡಿತಾ ರಮಾಬಾಯಿ

ಈ ಸಲದ ಗೋಡೆಪತ್ರಿಕೆಗೆ ನಾನು ಪಂಡಿತಾ ರಮಾಬಾಯಿಯವರ ಬಗ್ಗೆ ಬರೆಯುತ್ತಿದ್ದೇನೆ. ಅವರು ಮಹಾರಾಷ್ಟ್ರದವರು ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಪಂಡಿತರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನ ವಿರೋಧ ಮಾಡಿದರು. ಅದಕ್ಕೇ ಕಾಡಿನಲ್ಲಿ ಮನೆ ಮಾಡಿಕೊಂಡಿದ್ದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಆ ಮನೆಯನ್ನೂ ಬಿಟ್ಟು ಯಾತ್ರೆ ಹೊರಟರು. ಮಗುವನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರಂತೆ. ಆಮೇಲೆ ಊರೂರು ತಿರುಗುತ್ತಾ ಪುರಾಣ ಓದುವುದೇ ಅವರ ಜೀವನ. ರಮಾ ಶಾಲೆಗೆ ಹೋಗಲೇ ಇಲ್ಲ. ಭಾಗವತದ ಸಾವಿರಾರು ಶ್ಲೋಕಗಳನ್ನು ತಾಯಿಯ ಹತ್ತಿರ ಬಾಯಿಪಾಠ ಮಾಡಿದರು. (ನಮಗೆ ಹದಿನಾರರ ಮಗ್ಗಿ ಬರುವುದೇ ಕಷ್ಟ!)

ಬರಗಾಲ ಬಂತು. ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ಇವರು. ಇಬ್ಬರೂ ಹಸಿದುಕೊಂಡೇ ದೇಶವೆಲ್ಲಾ ನಡೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ಸತ್ತ. ಬೇರೆ ಜಾತಿಯ ಬಂಗಾಳಿ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಅವರೂ ಕಾಲರಾದಿಂದ ಹೋದರು. ಕೈಯಲ್ಲಿ ಮಗಳು ಮನೋರಮಾ, ಒಂದು ವರ್ಷವೂ ಆಗಿರಲಿಲ್ಲ.

ಪುಣೆಗೆ ಬಂದಾಗ ಅವರನ್ನು ಎಲ್ಲರೂ ಹೊಗಳಿದರು. 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಳಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಾ ಬಂದಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿ, ಕೆಟ್ಟವರು ಅಂತ ಜನ ಹೊರಗೆ ಹಾಕಿದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇದು ರಮಾಬಾಯಿಯವರ ಮನಸ್ಸಿಗೆ ನಾಟಿತು. ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಮಾತಾಡಿದ ಕಥೆ ಓದಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಈ ಸುದ್ದಿ ಪುಣೆಗೆ ಮುಟ್ಟಿದಾಗ ಹೊಗಳಿದವರೇ ಬೈದರು. ಫುಲೆಯವರಂಥ ಕೆಲವರು ಅವರ ಪರವಾಗಿ ನಿಂತರು ಅಷ್ಟೆ. ಹೋಗಲಿ, ಕ್ರೈಸ್ತರಾದರೂ ಇವರನ್ನು ಸುಮ್ಮನೆ ಬಿಟ್ಟರಾ? ಅದೂ ಇಲ್ಲ. ಪ್ರಶ್ನೆ ಕೇಳುತ್ತಾರೆ, ಹೇಳಿದ್ದನ್ನು ಹಾಗೇ ಒಪ್ಪುವುದಿಲ್ಲ ಅಂತ ಅವರಿಗೂ ಬೇಸರ. ಗಂಡಸರಿಗೆ ಪಾಠ ಹೇಳಬಾರದು ಅಂತ ಬಿಷಪ್ಪರು ತಡೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಅಂತ ಇವರು ಕೇಳಿದ್ದರು. ಬಿಳಿ ಸೀರೆ ಬಿಡಲಿಲ್ಲ, ಮಾಂಸ ತಿನ್ನಲಿಲ್ಲ. ಅಂದರೆ ಎರಡೂ ಕಡೆಯವರಿಗೆ ಬೇಡವಾದರು. ನನಗೆ ಈ ಭಾಗ ಓದಿದಾಗ ತುಂಬಾ ಸಂಕಟವಾಯಿತು.

1886ರಲ್ಲಿ ಅಮೆರಿಕಕ್ಕೆ ಹೋದರು. ಚಿಕ್ಕ ಮಗಳನ್ನು ಇಂಗ್ಲೆಂಡಿಗೆ ವಾಪಸ್ಸು ಕಳಿಸಿ, ತಾವೊಬ್ಬರೇ ಊರೂರಲ್ಲಿ ಭಾಷಣ ಮಾಡಿ ವಿಧವೆಯರ ಶಾಲೆಗೆ ಹಣ ಕೂಡಿಸಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಶುರುವಾಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಯಾವ ಧರ್ಮವನ್ನೂ ಕಲಿಸುವುದಿಲ್ಲ ಎಂದು ನಿಯಮ ಇತ್ತು. ಆದರೆ ರಮಾಬಾಯಿ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರತೊಡಗಿದರು. ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಸಮಿತಿ ಬಿಟ್ಟರು. ಪಾಲಕರು ಬಂದು ಅನೇಕ ಹುಡುಗಿಯರನ್ನು ಕರೆದುಕೊಂಡು ಹೋದರು. ಪಾಲಕರಿಗೆ ಭಯ ಇದ್ದೇ ಇರುತ್ತದೆ, ಅವರದೂ ತಪ್ಪು ಅನ್ನಲಾರೆ. ಆದರೆ ಓದು ಅರ್ಧಕ್ಕೆ ನಿಂತ ಆ ಹುಡುಗಿಯರ ಗತಿ? ಬಾಗಿಲು ಮುಚ್ಚಿಕೊಂಡಿದ್ದರೆ ರಮಾಬಾಯಿಯವರಿಗೆ ಇಷ್ಟು ಕಷ್ಟ ಬರುತ್ತಿರಲಿಲ್ಲ. ಅವರು ಮುಚ್ಚಲಿಲ್ಲ.

1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ತಾವೂ ಹಾಗೇ ಹಸಿದವರಲ್ಲವೇ! ಪುಣೆ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿ ಸದನ ಬೆಳೆಯಿತು. ಹೊಲದ ಕೆಲಸ, ನೇಯ್ಗೆ, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತರು. ನಮ್ಮ ಕಲಬುರ್ಗಿಯಲ್ಲೂ 1912ರಲ್ಲಿ ಒಂದು ಶಾಲೆ ತೆರೆದರು, ಮಗಳು ಮನೋರಮಾ ಅದನ್ನು ನೋಡಿಕೊಂಡಳು.

ಕಿವಿ ಪೂರ್ತಿ ಮಂದವಾದ ಮೇಲೂ ರಮಾಬಾಯಿಯವರು ಹಿಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಹಳ್ಳಿ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುತ್ತಿದ್ದರು. 1921ರಲ್ಲಿ ಮನೋರಮಾ ತೀರಿಕೊಂಡಳು. ತನ್ನ ನಂತರ ಇವಳೇ ಎಲ್ಲ ನೋಡಿಕೊಳ್ಳುತ್ತಾಳೆ ಎಂದು ತಾಯಿ ನಂಬಿದ್ದರು. ಆದರೂ ಅನುವಾದದ ಕೆಲಸ ನಿಲ್ಲಿಸಲಿಲ್ಲ, ಮುಗಿಸಿದರು. 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲೇ ಕಣ್ಣು ಮುಚ್ಚಿದರು. ಆಗ ಅವರಿಗೆ 63 ವರ್ಷ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಮಗಳು ಯಾರೂ ಇರಲಿಲ್ಲ. ಮುಕ್ತಿಯ ಹೆಣ್ಣುಮಕ್ಕಳು ಇದ್ದರು.