ಕಾಟನ್ ಎತ್ತಿದ ಪ್ರಶ್ನೆ, ನಾವು ಕಲಿಯದ ಪಾಠ

ಒಬ್ಬ ಎಂಜಿನಿಯರ್ ಮಾಡಿದ ಕೆಲಸದಲ್ಲಿ ದೋಷವಿದೆಯೆಂದು ಇನ್ನೊಬ್ಬ ಎಂಜಿನಿಯರ್ ಬಹಿರಂಗವಾಗಿ ಹೇಳಬಹುದೇ? ಹೇಳುವುದಾದರೆ ಎಷ್ಟು, ಹೇಗೆ? ಸೇತುವೆ ಕುಸಿದಾಗಲೋ ಕಾಲುವೆ ಒಡೆದಾಗಲೋ ಈ ಪ್ರಶ್ನೆ ಏಳುತ್ತದೆ; ತನಿಖಾ ವರದಿ ಸಲ್ಲಿಕೆಯಾಗುವ ವೇಳೆಗೆ ಮರೆತುಹೋಗುತ್ತದೆ. ನೂರ ಅರವತ್ತು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಬಿಸಿಬಿಸಿಯಾಗಿಯೇ ಎತ್ತಿದವರು ಸರ್ ಆರ್ಥರ್ ಕಾಟನ್. ಗೋದಾವರಿ ತೀರದ ರೈತರು ಇಂದಿಗೂ ಪೂಜ್ಯಭಾವದಿಂದ ನೆನೆಯುವ ಈ ವ್ಯಕ್ತಿಯ ಬದುಕಿನಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಅಧ್ಯಾಯ ಇದು.

1803ರಲ್ಲಿ ಜನಿಸಿದ ಕಾಟನ್ ಈಸ್ಟ್ ಇಂಡಿಯಾ ಕಂಪನಿಯ ಅಡಿಸ್ಕಂಬ್ ಸೈನಿಕ ಶಾಲೆಯಲ್ಲಿ ಕಲಿತು, ಮದ್ರಾಸ್ ಎಂಜಿನಿಯರ್ಸ್ ದಳ ಸೇರಿ 1821ರಲ್ಲಿ ಭಾರತಕ್ಕೆ ಬಂದರು. ಕಾವೇರಿಯ ನೀರು ಕೊಳ್ಳಿಡಂ ಕವಲಿನತ್ತ ಹರಿದುಹೋಗಿ ತಂಜಾವೂರಿನ ಗದ್ದೆಗಳು ಸೊರಗುತ್ತಿದ್ದ ಕಾಲವದು. 1836ರಲ್ಲಿ ಅವರು ಕಟ್ಟಿಸಿದ ಮೇಲಣೆ ಆ ಸೀಮೆಯನ್ನು ಉಳಿಸಿತು. ಸಡಿಲ ಮರಳಿನ ಮೇಲೆ ಗಟ್ಟಿಯಾದ ಅಣೆ ಕಟ್ಟುವ ವಿದ್ಯೆಯನ್ನು ತಾವು ಚೋಳರ ಕಲ್ಲಣೆಯಿಂದ ಕಲಿತುದಾಗಿ ಅವರು ಮುಕ್ತವಾಗಿ ಒಪ್ಪಿಕೊಂಡರು. ಹೆಸರಿಲ್ಲದ ದೇಶೀ ಶಿಲ್ಪಿಗಳಿಗೆ ತಲೆಬಾಗುವ ದೊಡ್ಡತನ ಅಂದಿನ ಆಂಗ್ಲ ಅಧಿಕಾರಿಗಳಲ್ಲಿ ಅಪರೂಪ. 1833ರ ಭೀಕರ ಕ್ಷಾಮವನ್ನು ಕಂಡಿದ್ದ ಗೋದಾವರಿ ಸೀಮೆಯಲ್ಲಿ, 1847ರಿಂದ 1852ರವರೆಗೆ ದೌಲೇಶ್ವರದ ಅಣೆಕಟ್ಟು ಮೇಲೆದ್ದಿತು. 1861ರಲ್ಲಿ ಸರ್ ಪದವಿಯೂ ಬಂದಿತು.

ಅದೇ ಅವಧಿಯಲ್ಲಿ ಉತ್ತರದಲ್ಲಿ ಇನ್ನೊಬ್ಬ ಮಹಾನ್ ಎಂಜಿನಿಯರ್ ದುಡಿಯುತ್ತಿದ್ದರು. ಸರ್ ಪ್ರೋಬಿ ಕಾಟ್ಲಿ ಅವರು ಹರಿದ್ವಾರದಿಂದ ಗಂಗೆಯ ನೀರನ್ನು ದೋಆಬದ ಬಯಲಿಗೆ ತಂದರು. ರೂರ್ಕಿಯ ಬಳಿ ಸೋಲಾನಿ ನದಿಯ ಮೇಲೆ ಕಾಲುವೆಯನ್ನೇ ಹಾಯಿಸಿದ ಮೇಲ್ಗಾಲುವೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1854ರಲ್ಲಿ ಗಂಗಾ ಕಾಲುವೆ ಉದ್ಘಾಟನೆಯಾಯಿತು. ಆದರೆ ನೀರು ಹರಿಯತೊಡಗಿದ ಮೇಲೆ ದೋಷಗಳೂ ಕಂಡವು. ಇಳಿಜಾರು ಅತಿಯಾಗಿತ್ತು, ರಭಸಕ್ಕೆ ಕಾಲುವೆಯ ತಳ ಕೊರೆದುಹೋಗುತ್ತಿತ್ತು, ದೋಣಿಗಳು ಪ್ರವಾಹಕ್ಕೆ ಎದುರಾಗಿ ಸಾಗಲು ಹೆಣಗುತ್ತಿದ್ದವು.

1863ರ ಸುಮಾರಿಗೆ ಕಾಲುವೆಯನ್ನು ಪರಿಶೀಲಿಸಿದ ಕಾಟನ್ ಅವರ ವಿಮರ್ಶೆ ಇಳಿಜಾರಿಗೆ ನಿಲ್ಲಲಿಲ್ಲ. ಕಾಲುವೆಯ ಮೂಲವನ್ನು ಹರಿದ್ವಾರದಷ್ಟು ಮೇಲೆ ಇಟ್ಟದ್ದೇ ತಪ್ಪು, ಕಲ್ಲಿನ ಬದಲು ಇಟ್ಟಿಗೆ ಬಳಸಿದ್ದು ತಪ್ಪು, ಒಟ್ಟು ಕಲ್ಪನೆಯೇ ತಪ್ಪು ಎಂಬಲ್ಲಿಗೆ ಅದು ಮುಟ್ಟಿತು. ಕಾಟ್ಲಿ 1864ರಲ್ಲಿ ಪುಸ್ತಕರೂಪದಲ್ಲೇ ಉತ್ತರಿಸಿದರು. ದಕ್ಷಿಣದ ಮುಖಜಭೂಮಿಯ ಅನುಭವವನ್ನು ಹಿಮಾಲಯದ ತಪ್ಪಲಿನ ನದಿಗೆ ಅನ್ವಯಿಸಲಾಗದೆಂಬುದು ಅವರ ವಾದದ ತಿರುಳು. ಕಾಟನ್ ಮತ್ತೆ ಬರೆದರು. ಇಬ್ಬರು ಹಿರಿಯರ ನಡುವಣ ತಾಂತ್ರಿಕ ಭಿನ್ನಾಭಿಪ್ರಾಯ ಸಾರ್ವಜನಿಕ ಕಲಹವಾಯಿತು. ಆ ಹೊತ್ತಿಗೆ ಕಾಟನ್ ಖಾಸಗಿ ನೀರಾವರಿ ಕಂಪನಿಗಳ ಪ್ರಬಲ ಪ್ರತಿಪಾದಕರಾಗಿದ್ದುದರಿಂದ ಅವರ ಮಾತಿಗೆ ಹಿತಾಸಕ್ತಿಯ ನೆರಳೂ ತಾಗುವಂತಿತ್ತು.

ಯಾರು ಸರಿ? ಸರ್ಕಾರ ಕ್ರಾಫ್ಟನ್ ಎಂಬ ಎಂಜಿನಿಯರ್‌ರಿಂದ ಪರಿಶೀಲನೆ ಮಾಡಿಸಿತು. ಇಳಿಜಾರಿನ ಬಗ್ಗೆ ಕಾಟನ್ ಹೇಳಿದ್ದು ನಿಜವಾಗಿತ್ತು, ಕಾಲುವೆಯನ್ನು ತಿದ್ದಬೇಕಾಯಿತು. ಆದರೆ ಮೂಲ ಹರಿದ್ವಾರದಲ್ಲೇ ಉಳಿಯಿತು, ಇಂದಿಗೂ ಅಲ್ಲೇ ಇದೆ. ಮುಂದೆ 1878ರಲ್ಲಿ ಕೆಳಭಾಗದ ನರೋರಾದಿಂದ ಇನ್ನೊಂದು ಕಾಲುವೆ ಹೊರಟಿತು. ಸತ್ಯ ಇಬ್ಬರಲ್ಲೂ ಹಂಚಿಹೋಗಿತ್ತು.

ಪ್ರಶ್ನಿಸಿದವರೂ ಪ್ರಶ್ನಾತೀತರಾಗಿರಲಿಲ್ಲ. ತುಂಗಭದ್ರೆಯ ನೀರನ್ನು ಬರಪೀಡಿತ ಸೀಮೆಗೆ ಹರಿಸುವ ಕನಸನ್ನು 1860ರ ವೇಳೆಗೇ ಕಂಡವರು ಕಾಟನ್. ನಮ್ಮ ಹೊಸಪೇಟೆಯ ಅಣೆಕಟ್ಟಿನ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ. ಆದರೆ ಅವರು ಬೆಂಬಲಿಸಿದ ಮದ್ರಾಸ್ ಇರಿಗೇಷನ್ ಕಂಪನಿ ಕೈಗೊಂಡ ಕರ್ನೂಲು–ಕಡಪ ಕಾಲುವೆ ಅಂದಾಜುಗಳನ್ನೆಲ್ಲ ಮೀರಿತು, ಆದಾಯ ಕೈಕೊಟ್ಟಿತು. ಬಂಡವಾಳಕ್ಕೆ ಸರ್ಕಾರ ಶೇ 5ರ ಬಡ್ಡಿಯ ಖಾತರಿ ನೀಡಿದ್ದರಿಂದ ನಷ್ಟದ ಹೊರೆ ಬಿದ್ದದ್ದು ತೆರಿಗೆ ಕೊಡುವ ರೈತನ ಮೇಲೆ. 1882ರಲ್ಲಿ ಸರ್ಕಾರವೇ ಅದನ್ನು ಕೊಳ್ಳಬೇಕಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಪ್ರಸಂಗ ಕಾಟ್ಲಿಯವರ ಇಳಿಜಾರಿಗಿಂತ ಸಣ್ಣ ದೋಷವೆಂದು ತೋರುವುದಿಲ್ಲ.

ಹಾಗಾದರೆ ಕಾಟನ್ ಸುಮ್ಮನಿರಬೇಕಿತ್ತೇ? ಖಂಡಿತ ಇಲ್ಲ. ನನ್ನ ಸೇವಾವಧಿಯಲ್ಲಿ ಎಷ್ಟೋ ತಾಂತ್ರಿಕ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ತೂಬಿನ ಲೆಕ್ಕವನ್ನಾಗಲಿ ಅಡಿಪಾಯದ ಆಳವನ್ನಾಗಲಿ ಪರೀಕ್ಷಿಸುವ ಶಕ್ತಿ ನನ್ನಂಥವರಿಗಿರಲಿಲ್ಲ. ನಮ್ಮ ರಕ್ಷಣೆಯೆಂದರೆ ಒಬ್ಬ ಎಂಜಿನಿಯರ್‌ನ ಲೆಕ್ಕವನ್ನು ಇನ್ನೊಬ್ಬ ನಿರ್ಭಯವಾಗಿ ನೋಡುವುದು. ಆದರೆ ಕಡತಗಳಲ್ಲಿ ಎರಡು ಬಗೆಯ ಟಿಪ್ಪಣಿಗಳಿರುತ್ತಿದ್ದವು. ಇಂಥ ಪುಟದ ಇಂಥ ಅಂಕಿ ತಪ್ಪು, ಕಾರಣ ಇದು ಎನ್ನುವುದು ಒಂದು. ಆ ಅಧಿಕಾರಿಗೆ ಕೆಲಸವೇ ಬಾರದು ಎನ್ನುವುದು ಇನ್ನೊಂದು. ಮೊದಲನೆಯದು ಕಾಮಗಾರಿಯನ್ನು ತಿದ್ದುತ್ತಿತ್ತು. ಎರಡನೆಯದು ಬಣಗಳನ್ನು ಹುಟ್ಟಿಸುತ್ತಿತ್ತು. ಒಟ್ಟು ಯೋಗ್ಯತೆಯೇ ಪ್ರಶ್ನೆಗೊಳಗಾದಾಗ ಸಣ್ಣ ತಪ್ಪನ್ನು ಒಪ್ಪಿಕೊಳ್ಳುವುದೂ ಶರಣಾಗತಿಯಂತೆ ಕಾಣುತ್ತದೆ.

ಸಹೋದ್ಯೋಗಿಯ ಮಾನ ಕಾಯುವುದು ಸೌಜನ್ಯ. ಆದರೆ ಕಾಲುವೆಯ ಕೆಳಗೆ ಬದುಕುವವರ ಪ್ರಾಣ ಅದಕ್ಕಿಂತ ದೊಡ್ಡದು. ಅಪಾಯ ಕಂಡವನು ಮೊದಲು ಕಟ್ಟಿದವನಿಗೆ ತಿಳಿಸಲಿ, ಆಧಾರವನ್ನು ಮುಂದಿಡಲಿ, ತನ್ನ ಹಿತಾಸಕ್ತಿಯಿದ್ದರೆ ಹೇಳಿಕೊಳ್ಳಲಿ. ಕೇಳದಿದ್ದರೆ ಮೇಲಿನವರಿಗೂ, ಕೊನೆಗೆ ಜನರಿಗೂ ಹೇಳಲಿ. ಅದನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಕಲ್ಪಿಸುವುದು ಆಡಳಿತದ ಹೊಣೆ. 1899ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ಕಾಟನ್ ನಿಧನರಾದರು. ಕಾಟ್ಲಿ 1871ರಲ್ಲೇ ತೀರಿಕೊಂಡಿದ್ದರು. ಇಬ್ಬರ ಕಾಲುವೆಗಳೂ ಇಂದಿಗೂ ಹರಿಯುತ್ತಿವೆ. ಕಲ್ಲಣೆ ಕಟ್ಟಿದವರ ಬಗ್ಗೆ ಕಾಟನ್ ತೋರಿದ ವಿನಯವನ್ನು ತಮ್ಮ ಸಮಕಾಲೀನನ ಬಗ್ಗೆಯೂ ತೋರಿದ್ದರೆ, ಅವರ ಸರಿಯಾದ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು.